ಮುಸ್ಸಂಜೆಯ ರಸ್ತೆಯಲ್ಲಿ ಕಾಣಿಸಿಕೊಳ್ಳುವ ಮಾತು

ಕೊಳೆರೋಗ, ಕಾಯಿಕೊರಕ, ಗೊಬ್ಬರದ ಬೆಲೆ, ಧಾರಣೆಯ ಏರಿಳಿತ, ಈ ಪತ್ರಿಕೆಯ ಪುಟಗಳು ಸಾಮಾನ್ಯವಾಗಿ ಇವುಗಳಿಗೇ ಮೀಸಲೆಂಬುದು ಸದಸ್ಯ ಬಾಂಧವರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಈ ಸಲ ಮಾತ್ರ ತೋಟದ ಗೇಟು ದಾಟಿ ರಸ್ತೆಯ ವಿಚಾರವನ್ನು ಎತ್ತಿಕೊಳ್ಳಬೇಕೆನಿಸಿತು. ಕಾರಣ ಇಷ್ಟೇ. ಅಡಿಕೆಯ ಕೊಯ್ಲೂ ಕಾಫಿ ಹಣ್ಣಿನ ಕೊಯ್ಲೂ ಬೀಳುವುದು ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ. ಕೆಲಸ ಬಿಡುವುದಕ್ಕೂ ಹೊತ್ತು ಮುಳುಗುವುದಕ್ಕೂ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ರಸ್ತೆಗಿಳಿಯುವವರಲ್ಲಿ ಹೆಚ್ಚಿನವರು ಮೋಟಾರ್ ಸೈಕಲಿನವರು: ತೋಟದ ಮೇಸ್ತ್ರಿ, ಪೇಟೆಗೆ ಹೋದ ಮಗ, ಡೇರಿಗೆ ಹಾಲು ಹಾಕಿ ಬರುವ ನೆರೆಮನೆಯವರು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಲೈನ್ ಮನೆಗೆ ಮರಳುವ ಕೆಲಸಗಾರ. ಇವರೆಲ್ಲ ಬಂದು ಸೇರುವ ತನಕ ಮನೆಯಲ್ಲಿದ್ದವರ ಕಿವಿ ರಸ್ತೆಯ ಕಡೆಗೇ ಇರುತ್ತದೆ.

ವಿಷಯವನ್ನು ನಮ್ಮ ಮಲೆನಾಡಿನ ತಿರುವುಗಳಿಂದ ಆರಂಭಿಸದೆ ಬಯಲುಸೀಮೆಯ ಶ್ರೀರಾಮನಗರದಿಂದ ಆರಂಭಿಸುತ್ತಿದ್ದೇವೆ. ಅಡಿಕೆಗೂ ಕಾಫಿಗೂ ಆ ಊರಿಗೂ ಏನು ಸಂಬಂಧವೆಂದು ಕೇಳುವವರಿಗೆ ಎರಡು ಉತ್ತರಗಳುಂಟು. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ನಮ್ಮ ತೋಟಗಳ ಪಕ್ಕದಲ್ಲೇ ಹರಿದು, ಕೂಡಲಿಯಲ್ಲಿ ಒಂದಾಗುವ ತುಂಗೆ ಭದ್ರೆಯರ ನೀರು ಕೊನೆಗೆ ಹೊಸಪೇಟೆ ಬಳಿಯ ಜಲಾಶಯ ಸೇರಿ, ಎಡದಂಡೆ ಕಾಲುವೆಯಲ್ಲಿ ಹರಿದು ತಲಪುವುದು ಗಂಗಾವತಿ, ಶ್ರೀರಾಮನಗರ, ಕಾರಟಗಿ, ಸಿಂಧನೂರುಗಳ ಗದ್ದೆಗಳಿಗೆ. ಆ ನೀರು ಅಕ್ಕಿಯಾಗಿ ಮತ್ತೆ ನಮ್ಮಲ್ಲಿಗೇ ಬರುತ್ತದೆ. ನಮ್ಮಲ್ಲಿ ಅನೇಕರ ಮನೆಯ ಸೋನಾ ಮಸೂರಿ ಆ ಕಡೆಯ ಗಿರಣಿಗಳದು. ಇದು ಮೊದಲನೆಯದು. ಎರಡನೆಯದು, ಕೊಯ್ಲಿನ ಕಾಲದ ಸಂಜೆಯ ರಸ್ತೆಯಲ್ಲಿ ಏನೇನು ಸೇರಿಕೊಂಡಿರುತ್ತದೆ ಎಂಬುದನ್ನು ಇಡಿಯಾಗಿ ನೋಡಬೇಕಾದರೆ ಆ ದಾರಿಗಿಂತ ಸ್ಪಷ್ಟವಾದ ಉದಾಹರಣೆ ನಮಗೆ ಸಿಕ್ಕಿಲ್ಲ. ಅಲ್ಲಿ ಮರಗಳ ಮರೆಯಿಲ್ಲ, ಘಾಟಿಯ ತಿರುವಿಲ್ಲ, ಬಹುತೇಕ ದಿನ ಮಂಜೂ ಇಲ್ಲ. ಆದರೂ ಅಪಾಯವಿದೆ ಎಂದಾದರೆ ಅದರ ಕಾರಣವನ್ನು ಬೇರೆಲ್ಲೋ ಹುಡುಕಬೇಕಾಗುತ್ತದೆ.

ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯ ಕಡೆಯಿಂದ ಬಂದು ನೆಲೆಸಿದ ರೈತರು ಕಟ್ಟಿ ಬೆಳೆಸಿದ ಕ್ಯಾಂಪುಗಳ ಪೈಕಿ ಶ್ರೀರಾಮನಗರವೂ ಒಂದು. ಗಂಗಾವತಿಯಿಂದ ಕಾರಟಗಿ, ಸಿಂಧನೂರಿಗೆ ಹೋಗುವ ರಸ್ತೆ ಊರ ನಡುವೆಯೇ ಹಾದುಹೋಗುತ್ತದೆ. ನವೆಂಬರ್ ಡಿಸೆಂಬರಿನಲ್ಲಿ, ಮತ್ತು ಜಲಾಶಯದಲ್ಲಿ ನೀರಿದ್ದು ಎರಡನೆಯ ಬೆಳೆ ಕೈಗೆ ಬಂದ ವರ್ಷ ಏಪ್ರಿಲ್ ಮೇ ತಿಂಗಳಲ್ಲಿ, ಈ ರಸ್ತೆಯ ಸಂಜೆಯನ್ನು ನೋಡಬೇಕು. ಭತ್ತದ (ಅಲ್ಲಿಯವರ ಬಾಯಲ್ಲಿ ನೆಲ್ಲು) ಚೀಲ ಹೇರಿದ ಟ್ರ್ಯಾಕ್ಟರುಗಳು ಗಿರಣಿಯ ಕಡೆಗೆ ತೆವಳುತ್ತಿರುತ್ತವೆ. ಹುಲ್ಲು ಹೇರಿದ ಟ್ರೇಲರುಗಳು ಎರಡೂ ಪಕ್ಕಕ್ಕೆ ಚಾಚಿಕೊಂಡು ಅರ್ಧ ರಸ್ತೆಯನ್ನು ನುಂಗಿರುತ್ತವೆ. ಕಟಾವು ಯಂತ್ರವೊಂದು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೊರಟಿರುತ್ತದೆ. ರಸ್ತೆಯಂಚಿಗೆ ಭತ್ತ ಹರವಿ, ಯಾರೂ ತುಳಿಯಬಾರದೆಂದು ಸುತ್ತ ಕಲ್ಲು ಜೋಡಿಸಿರುವುದೂ ಉಂಟು. ನಡುವೆ ಬಸ್ಸು, ಲಾರಿ, ಎಮ್ಮೆಗಳು, ಮಾರ್ಗಶಿರದಲ್ಲಿ ಅಂಜನಾದ್ರಿಯ ದಾರಿ ಹಿಡಿದ ಹನುಮಮಾಲಾಧಾರಿಗಳು. ಇಷ್ಟೆಲ್ಲದರ ನಡುವೆ ಸಂದಿ ಹುಡುಕಿಕೊಂಡು ಹೋಗುವವನು ಮೋಟಾರ್ ಸೈಕಲ್ ಸವಾರ. ನವೆಂಬರಿನ ಕೊನೆಯಲ್ಲಿ ಅಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಯೂರೋಪಿನವರಿಗೆ ಇರುವಂಥ ದೀರ್ಘ ಸಂಧ್ಯೆ ನಮಗಿಲ್ಲ. ಅರ್ಧ ಗಂಟೆ ಕಳೆಯುವುದರೊಳಗೆ ಕತ್ತಲು.

ಆ ಅರ್ಧ ಗಂಟೆಯೂ ಅದರ ಹಿಂದುಮುಂದಿನ ಹೊತ್ತೂ ಎಷ್ಟು ಕೆಟ್ಟವು ಎಂಬುದಕ್ಕೆ ಸರಕಾರದ ಲೆಕ್ಕವೇ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ದಿನವನ್ನು ಮೂರು ಮೂರು ಗಂಟೆಗಳಾಗಿ ವಿಂಗಡಿಸಿ ನೋಡಿದರೆ ಅಪಘಾತಗಳು ಅತಿ ಹೆಚ್ಚು ಸಂಭವಿಸುವುದು ಸಂಜೆ 6ರಿಂದ 9ರ ಒಳಗೆ, ಹೆಚ್ಚು ಕಡಿಮೆ ಐದರಲ್ಲಿ ಒಂದು. ಮತ್ತೊಂದು ಅಂಶವನ್ನು ಗಮನಿಸಬೇಕು. ಎದುರೆದುರು ಡಿಕ್ಕಿಯೇ ಹೆಚ್ಚೆಂದು ನಾವೆಲ್ಲ ಭಾವಿಸಿದ್ದೇವೆ. ಆದರೆ ಅದೇ ವರದಿಯಲ್ಲಿ ಮೊದಲ ಸ್ಥಾನದಲ್ಲಿರುವುದು ಹಿಂದಿನಿಂದ ಬಂದು ಗುದ್ದಿದ ಅಪಘಾತಗಳು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಸವಾರರಿಗೆ ಬುದ್ಧಿ ಹೇಳುವ ಫಲಕಗಳಿಗೆ ನಮ್ಮ ರಾಜ್ಯದಲ್ಲಿ ಕೊರತೆಯಿಲ್ಲ. ನಿಧಾನವಾಗಿ ಚಲಿಸಿ, ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ, ಅವಸರವೇ ಅಪಘಾತಕ್ಕೆ ಕಾರಣ. ಎಲ್ಲವೂ ನಿಜವೇ. ಆದರೆ ಇವು ಯಾವುವೂ ಮುಖ್ಯವಾದ ಮಾತನ್ನು ಹೇಳುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮುಸ್ಸಂಜೆಯಲ್ಲಿ ತನಗೆ ರಸ್ತೆ ಕಾಣುತ್ತಿದೆಯೇ ಎಂಬುದೊಂದೇ ಸವಾರನ ಪ್ರಶ್ನೆಯಾಗಿರುತ್ತದೆ. ತಾನು ಇತರರಿಗೆ ಕಾಣುತ್ತಿದ್ದೇನೆಯೇ ಎಂದು ಅವನು ಕೇಳಿಕೊಳ್ಳುವುದೇ ಇಲ್ಲ. ಈ ಎರಡೂ ಒಂದೇ ಎಂದು ನಂಬಿರುತ್ತಾನೆ. ಒಂದೇ ಅಲ್ಲವೆಂಬುದಕ್ಕೆ ಶ್ರೀರಾಮನಗರದ ರಸ್ತೆಯ ದಿಕ್ಕೇ ಸಾಕ್ಷಿ. ಸಿಂಧನೂರು ಗಂಗಾವತಿಯ ಈಶಾನ್ಯಕ್ಕಿದೆ. ಚಳಿಗಾಲದಲ್ಲಿ ಸೂರ್ಯ ಮುಳುಗುವುದು ನೈಋತ್ಯದ ಕಡೆಗೆ ವಾಲಿಕೊಂಡು. ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೊರಟವನಿಗೆ ಸೂರ್ಯ ಬೆನ್ನ ಹಿಂದಿರುತ್ತಾನೆ. ಮುಂದಿನ ರಸ್ತೆ, ಎದುರಿಂದ ಬರುವ ಲಾರಿ, ಅದರ ಹಣೆಯ ಮೇಲಿನ ದೇವರ ಹೆಸರು ಎಲ್ಲವೂ ಚಿನ್ನದ ಬೆಳಕಿನಲ್ಲಿ ನಿಚ್ಚಳವಾಗಿ ಕಾಣುತ್ತವೆ. ಲಾರಿಯ ಚಾಲಕನಿಗೆ ಅದೇ ಸೂರ್ಯ ಕಣ್ಣಿಗೇ ಹೊಡೆಯುತ್ತಿರುತ್ತಾನೆ. ಎದುರಿನ ಮೋಟಾರ್ ಸೈಕಲ್ ಅವನ ಪಾಲಿಗೆ ಆ ಬೆಂಕಿಯೊಳಗಿನ ಒಂದು ಕಪ್ಪು ಚುಕ್ಕೆ, ಅದೂ ಕಂಡರೆ. ಅಂದರೆ ಸವಾರನಿಗೆ ಎಲ್ಲವೂ ಅತ್ಯಂತ ಚೆನ್ನಾಗಿ ಕಾಣುವ ಗಳಿಗೆಯೂ ಅವನು ಇತರರಿಗೆ ಅತ್ಯಂತ ಕಡಮೆ ಕಾಣುವ ಗಳಿಗೆಯೂ ಒಂದೇ. ತನ್ನ ನೆರಳು ತನ್ನ ಮುಂದೆ ಉದ್ದವಾಗಿ ಬಿದ್ದಿದೆಯೆಂದು ಕಂಡೊಡನೆ ಸವಾರನು, ಎದುರಿನವನಿಗೆ ತಾನು ಕಾಣುತ್ತಿಲ್ಲವೆಂದೇ ತಿಳಿದು ನಡೆಯುವುದು ಕ್ಷೇಮ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಪ್ರದೇಶದ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಇತರ ವಾಹನಗಳೊಡನೆ ಆದ ಡಿಕ್ಕಿಗಳಲ್ಲಿ ಮುಖ್ಯ ಕಾರಣ, ಆ ವಾಹನದವರು ಮೋಟಾರ್ ಸೈಕಲನ್ನು ಕಾಣದೇ ಹೋದದ್ದು ಅಥವಾ ಕಾಣುವಾಗ ತಡವಾದದ್ದು ಎಂದು ಅದರಲ್ಲಿ ಹೇಳಿದೆ. ಅಲ್ಲಿಯ ರಸ್ತೆಗೂ ನಮ್ಮ ರಸ್ತೆಗೂ ಅಜಗಜಾಂತರ. ಆದರೆ ಮನುಷ್ಯನ ಕಣ್ಣು ಎಲ್ಲ ಕಡೆಯೂ ಒಂದೇ.

ಕಣ್ಣಿನ ವಿಚಾರ ಬಂದುದರಿಂದ ಎರಡು ಮಾತು. ಹಗಲಿನಲ್ಲಿ ಬಣ್ಣ ಗುರುತಿಸುವ ಕಣಗಳು ಬೇರೆ, ಕತ್ತಲಲ್ಲಿ ಕೆಲಸ ಮಾಡುವ ಕಣಗಳು ಬೇರೆ. ಮುಸ್ಸಂಜೆಯಲ್ಲಿ ಒಂದು ಪಾಳಿ ಮುಗಿದು ಇನ್ನೊಂದು ಪಾಳಿ ಪೂರ್ತಿ ಶುರುವಾಗಿರುವುದಿಲ್ಲ. ಕಣ್ಣು ಕತ್ತಲಿಗೆ ಪೂರ್ಣವಾಗಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಗಿರಣಿಯ ಟ್ಯೂಬ್‌ಲೈಟಿನ ಕೆಳಗೆ ಲೆಕ್ಕ ಮುಗಿಸಿ, ಹೋಟೆಲಿನಲ್ಲಿ ಚಹಾ ಕುಡಿದು ನೇರವಾಗಿ ಗಾಡಿ ಹತ್ತಿದವನ ಕಣ್ಣು ಇನ್ನೂ ಒಳಗಿನ ಬೆಳಕಿನಲ್ಲೇ ಇರುತ್ತದೆ. ವಯಸ್ಸಾದವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಇದರ ಜೊತೆಗೆ, ಬೆಳಕು ಕುಂದಿದಂತೆ ಮೊದಲು ಕಪ್ಪಾಗುವ ಬಣ್ಣ ಕೆಂಪು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಪುರ್ಕಿನ್ಯೆ ಎಂಬ ಬೊಹೀಮಿಯದ ವಿಜ್ಞಾನಿ ಇದನ್ನು ಗುರುತಿಸಿದ್ದ. ಮಧ್ಯಾಹ್ನ ಹೊಲದಾಚೆಯಿಂದಲೇ ಕಣ್ಣಿಗೆ ಬೀಳುವ ಕೆಂಪು ಟವೆಲ್ಲು, ಕೆಂಪು ಸೀರೆ, ಮೆರೂನ್ ಜರ್ಕಿನ್ನು ಮುಸ್ಸಂಜೆಗೆ ರಸ್ತೆಯ ಡಾಂಬರಿನಲ್ಲಿ ಕರಗಿಹೋಗುತ್ತವೆ. ಕೆಂಪು ಉಟ್ಟಿದ್ದೇನೆ, ಎಲ್ಲರಿಗೂ ಕಾಣುತ್ತೇನೆ ಎಂಬ ಧೈರ್ಯ ಬೇಡ.

ಹಾಗಾದರೆ ಯಾವುದು ಕಾಣುತ್ತದೆ? ಇಲ್ಲೂ ಒಂದು ಗೊಂದಲವನ್ನು ಬಿಡಿಸಬೇಕು. ರಸ್ತೆ ಕೆಲಸದವರು ತೊಡುವ ಗಿಳಿಹಸಿರು, ಕಿತ್ತಳೆ ಬಣ್ಣದ ಅಂಗಿಗಳ ಬಟ್ಟೆಗೆ ಹಗಲಿನ ಬೆಳಕು ಬೇಕು. ಸೂರ್ಯ ಮುಳುಗುವ ಹೊತ್ತಿನಲ್ಲಿ ಅದು ಎದ್ದು ಕಾಣುತ್ತದೆ, ಪೂರ್ತಿ ಕತ್ತಲಾದ ಮೇಲೆ ಅದರ ಗುಣ ಮುಗಿಯಿತು. ಅದೇ ಅಂಗಿಯ ಮೇಲೆ ಹೊಲಿದಿರುವ ಬೂದು ಬಣ್ಣದ ಪಟ್ಟಿ ಹಗಲಿನಲ್ಲಿ ಏನೂ ಅಲ್ಲ. ಕತ್ತಲಲ್ಲಿ ಹೆಡ್‌ಲೈಟ್ ಬಿದ್ದೊಡನೆ ಉರಿಯುವಂತೆ ಕಾಣುತ್ತದೆ. ನಮ್ಮ ಜನ ಇದಕ್ಕೆ ರೇಡಿಯಂ ಎನ್ನುತ್ತಾರೆ. ರೇಡಿಯಂ ಧಾತುವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಹೆಸರು ಮಾತ್ರ ನಿಂತುಹೋಗಿದೆ. ಸಾಸಿವೆಗಿಂತ ಎಷ್ಟೋ ಸಣ್ಣ ಗಾಜಿನ ಮಣಿಗಳು, ಇಲ್ಲವೆ ಸಣ್ಣ ಪಟ್ಟಕಗಳು ಅದರೊಳಗಿದ್ದು ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಅದಕ್ಕೆ ಬ್ಯಾಟರಿ ಬೇಡ, ತಂತಿ ಬೇಡ, ಬಲ್ಬು ಸುಡುವ ಭಯವಿಲ್ಲ. ಸಂಜೆಗೆ ಎರಡೂ ಬೇಕು, ಬಣ್ಣದ ಬಟ್ಟೆಯೂ ರೇಡಿಯಮ್ಮೂ, ಏಕೆಂದರೆ ಸಂಜೆ ಹೊರಟವನು ಮನೆ ಸೇರುವಾಗ ರಾತ್ರಿಯಾಗಿರುತ್ತದೆ.

ಇದು ಬರಿಯ ಊಹೆಯಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ಅಪಘಾತಕ್ಕೀಡಾದ ಸವಾರರನ್ನೂ ಆಗದ ಸವಾರರನ್ನೂ ಹೋಲಿಸಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥ ಹೊಳೆಯುವ ಉಡುಪು ತೊಟ್ಟವರಿಗೆ ಗಾಯದ ಅಪಾಯ ನೂರಕ್ಕೆ 37ರಷ್ಟು ಕಡಮೆ ಇತ್ತು. ಕಪ್ಪು ಹೆಲ್ಮೆಟ್ಟಿಗಿಂತ ಬಿಳಿ ಹೆಲ್ಮೆಟ್ ಇಟ್ಟವರಿಗೆ ಅಪಾಯ ನೂರಕ್ಕೆ 24ರಷ್ಟು ಕಡಮೆ. ನಮ್ಮ ಅಂಗಡಿಗಳಲ್ಲಿ ಸಾಲಾಗಿ ತೂಗುಹಾಕಿರುವ ಹೆಲ್ಮೆಟ್ಟುಗಳಲ್ಲಿ ಹತ್ತರಲ್ಲಿ ಎಂಟು ಕಪ್ಪು! ಕೊಳೆ ಕಾಣುವುದಿಲ್ಲವೆಂದು ಕೊಳ್ಳುತ್ತಾರೆ. ಕೊಳೆಯೊಡನೆ ತಲೆಯೂ ಕಾಣುವುದಿಲ್ಲ. ಹೆಲ್ಮೆಟ್ಟಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಸವಾರನಿಗೂ ಹಿಂಬದಿಯವರಿಗೂ ಅದನ್ನು ಕಡ್ಡಾಯ ಮಾಡಿದೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರ ಸಂಖ್ಯೆ ದೇಶದಲ್ಲಿ 50,029. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಮುಖದ ಗಾಜು ಗೀರು ಬಿದ್ದಿದ್ದರೆ ಬದಲಾಯಿಸಿ. ಗೀರು ಬಿದ್ದ ಗಾಜಿನಲ್ಲಿ ಎದುರಿನ ಒಂದು ದೀಪ ನೂರು ಎಳೆಯಾಗಿ ಹರಡುತ್ತದೆ. ಕಪ್ಪು ಗಾಜನ್ನು ಸಂಜೆ ಐದರ ಮೇಲೆ ಮೇಲಕ್ಕೆತ್ತಿಡಿ.

ಈಗ ಹಿಂದಿನಿಂದ ಗುದ್ದುವ ಮಾತಿಗೆ ಬರೋಣ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿ ಹತ್ತುವ ವ್ಯವಸ್ಥೆ ಕಡ್ಡಾಯವಾಯಿತು. ಮೊದಮೊದಲು ಎದುರಿಗೆ ಬಂದವರೆಲ್ಲ ಕೈಬೆರಳು ಮುಚ್ಚಿ ತೆರೆದು ‘ಲೈಟು, ಲೈಟು’ ಎಂದು ಸನ್ನೆ ಮಾಡುತ್ತಿದ್ದುದು ನೆನಪಿರಬಹುದು. ಒಳ್ಳೆಯ ಕ್ರಮ. ಆದರೆ ಅದು ಕಾಪಾಡುವುದು ಎದೆಯ ಕಡೆಯನ್ನು. ಬೆನ್ನಿನ ಕಡೆ ಇರುವುದು ಅಂಗೈಯಗಲದ ಒಂದು ಕೆಂಪು ದೀಪ, ಮತ್ತು ತನ್ನ ಬೆನ್ನು ತನಗೆ ಕಾಣದು. ಹೆಡ್‌ಲೈಟ್ ಕೆಟ್ಟರೆ ಸವಾರನಿಗೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಹಿಂದಿನ ದೀಪ ಕೆಟ್ಟು ತಿಂಗಳಾದರೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಹಿಂದೆ ಬರುವವನಿಗೆ, ಅವನಿಗೂ ಕೊನೆಯ ಗಳಿಗೆಯಲ್ಲಿ. ದೀಪ ಸರಿಯಾಗಿದ್ದರೂ ಅದನ್ನು ಮುಚ್ಚುವ ವಸ್ತುಗಳಿಗೆ ನಮ್ಮಲ್ಲಿ ಬರವಿಲ್ಲ. ಹುಲ್ಲಿನ ಹೊರೆ, ಎರಡು ಪಕ್ಕ ತೂಗುಬಿಟ್ಟ ಹಾಲಿನ ಕ್ಯಾನು, ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು, ಅಡಿಕೆ ಹಾಳೆಯ ಕಟ್ಟು, ಪಕ್ಕಕ್ಕೆ ತಿರುಗಿ ಕುಳಿತ ಹೆಂಗಸರ ಸೆರಗು. ಪ್ರತಿದಿನ ಸಂಜೆ ಗಾಡಿ ಹೊರಡಿಸುವ ಮುಂಚೆ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿ ನೋಡಿದರೆ ಗೋಡೆಯ ಮೇಲೆ ಕೆಂಪು ಬೆಳಕು ಬೀಳಬೇಕು. ಒಂದು ನಿಮಿಷದ ಕೆಲಸ. ಹೊರೆ ಕಟ್ಟಿದ ಮೇಲೆ ನೋಡಬೇಕು, ಕಟ್ಟುವ ಮೊದಲು ನೋಡಿ ಪ್ರಯೋಜನವಿಲ್ಲ.

ಸವಾರನ ಪಾಲು ಇಷ್ಟಾಯಿತು. ಅಷ್ಟಕ್ಕೇ ಲೇಖನ ಮುಗಿಸಿದರೆ ನಾವೂ ರಸ್ತೆಬದಿಯ ಫಲಕವೇ ಆಗುತ್ತೇವೆ. ಶ್ರೀರಾಮನಗರದ ಸಂಜೆಯಲ್ಲಿ ಸವಾರನನ್ನು ಕೊಲ್ಲಬಲ್ಲ ವಸ್ತುವೆಂದರೆ ಮುಂದೆ ಹೋಗುತ್ತಿರುವ, ಅಥವಾ ಕೆಟ್ಟು ನಿಂತಿರುವ, ಹಿಂದೆ ದೀಪವೂ ಪ್ರತಿಫಲಕವೂ ಇಲ್ಲದ ಟ್ರೇಲರು. ಅದು ಯಾರದು? ರೈತನದು. ನಮ್ಮಂಥವರದು.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಅಡ್ಡಿ ಕಂಡು, ಅದು ಅಡ್ಡಿಯೆಂದು ತಿಳಿದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು. 25 ಮೀಟರು ಆಗಲೇ ಮುಗಿಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೂ ನಿಲ್ಲಲು ಇನ್ನೂ 23 ಮೀಟರಾದರೂ ಬೇಕು. ಒಟ್ಟು 48. ಡಿಪ್ ಮಾಡಿದ ಹೆಡ್‌ಲೈಟಿನಲ್ಲಿ ಮಣ್ಣು ಮೆತ್ತಿದ, ದೀಪವಿಲ್ಲದ ಟ್ರೇಲರಿನ ಹಿಂಬದಿ ಕಾಣುವುದು ಮೂವತ್ತರಿಂದ ಐವತ್ತು ಮೀಟರಿನೊಳಗೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಬಿದ್ದಿದ್ದರೆ ಅಷ್ಟೂ ಇಲ್ಲ. ಅದೇ ಗಾಡಿ 40ರ ವೇಗದಲ್ಲಿದ್ದರೆ ನಿಲ್ಲಲು 27 ಮೀಟರು ಸಾಕು. ಆದುದರಿಂದ ಕತ್ತಲಾದ ಮೇಲೆ 40 ದಾಟಬಾರದೆಂದು ನಾವು ಹೇಳುವುದು ಅಂಜುಬುರುಕುತನದಿಂದಲ್ಲ, ಅದು ಬೆಳಕಿನ ಅಳತೆ. ಆದರೆ ಆ ಟ್ರೇಲರಿನ ಹಿಂದೆ ಎರಡು ಗೇಣು ರೇಡಿಯಂ ಪಟ್ಟಿ ಅಂಟಿಸಿದ್ದರೆ ಅದು ನೂರೈವತ್ತು ಮೀಟರಿನಿಂದಲೇ ಹೊಳೆಯುತ್ತಿತ್ತು. ಆಗ 60ರ ವೇಗದ ಹುಡುಗನಿಗೂ ಬದುಕುವ ಅವಕಾಶ ಸಿಗುತ್ತಿತ್ತು. ಹುಡುಗರು 60ರಲ್ಲಿ ಹೋಗುವುದು ತಪ್ಪೇ. ಆ ತಪ್ಪಿಗೆ ಮರಣದಂಡನೆ ಕೊಡುವ ಅಧಿಕಾರ ಟ್ರೇಲರಿನ ಮಾಲೀಕನಿಗಿಲ್ಲ.

ಇನ್ನೊಂದು ಅಪಾಯ ಒಕ್ಕಣ್ಣಿನ ಟ್ರ್ಯಾಕ್ಟರು. ಎರಡು ದೀಪಗಳಲ್ಲಿ ಒಂದು ಕೆಟ್ಟಿರುತ್ತದೆ. ಎದುರಿನಿಂದ ನೋಡಿದವನಿಗೆ ಅದು ಮೋಟಾರ್ ಸೈಕಲಿನಂತೆ ಕಾಣುತ್ತದೆ. ಮೋಟಾರ್ ಸೈಕಲಿಗೆ ಕೊಡುವಷ್ಟೇ ಜಾಗ ಕೊಡುತ್ತಾನೆ. ಉರಿಯುತ್ತಿರುವುದು ಎಡಗಡೆಯ ದೀಪವಾಗಿದ್ದರೆ ಅವನು ಜಾಗವೆಂದು ತಿಳಿದಲ್ಲಿ ಇಂಜಿನ್ನಿನ ಬಲಗಾಲಿಯೂ ಅದರಾಚೆಗೆ ಚಾಚಿದ ಹುಲ್ಲಿನ ಹೇರೂ ಇರುತ್ತವೆ. ಸಂಜೆಯ ರಸ್ತೆಯಲ್ಲಿ ಎದುರಿಗೆ ಒಂಟಿ ದೀಪ ಕಂಡರೆ ಅದನ್ನು ಟ್ರ್ಯಾಕ್ಟರೆಂದೇ ತಿಳಿದು ಎಡಕ್ಕೆ ಸರಿಯುವುದು ಒಳಿತು. ಕೆಟ್ಟು ನಿಂತ ಟ್ರೇಲರಿನ ಹಿಂದೆ ಸೊಪ್ಪಿನ ಕೊಂಬೆಯನ್ನೂ ನಾಲ್ಕು ಕಲ್ಲನ್ನೂ ಇಡುವ ಪದ್ಧತಿ ಇದೆ. ಹಗಲಿಗೆ ಸರಿ. ರಾತ್ರಿ ಸೊಪ್ಪು ಹೊಳೆಯುವುದಿಲ್ಲ. ಮೇಲಾಗಿ ಟ್ರೇಲರು ರಿಪೇರಿಯಾಗಿ ಹೊರಟುಹೋದರೂ ಕಲ್ಲುಗಳು ಅಲ್ಲೇ ಉಳಿದು ಮುಂದಿನ ಸವಾರನಿಗಾಗಿ ಕಾಯುತ್ತಿರುತ್ತವೆ. ಭತ್ತದ ಸುತ್ತ ಜೋಡಿಸಿದ ಕಲ್ಲುಗಳ ಕಥೆಯೂ ಅದೇ.

ಹೆಚ್ಚು ಬೆಳಕಿದ್ದಷ್ಟೂ ಒಳ್ಳೆಯದೆಂಬ ಭ್ರಮೆಯೂ ಇತ್ತೀಚೆಗೆ ಬೆಳೆದಿದೆ. ಅಂಗಡಿಯಲ್ಲಿ ಕೊಂಡು ಹ್ಯಾಂಡಲಿಗೆ ಬಿಗಿಸಿದ ಬಿಳಿ ಎಲ್‌ಇಡಿ ದೀಪಗಳು ನೇರವಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತವೆ. ಕಣ್ಣು ಕುಕ್ಕಿದವನು ರಸ್ತೆಯನ್ನೂ ಕಾಣ, ನಿಮ್ಮನ್ನೂ ಕಾಣ. ಕಣ್ಣು ಕುಕ್ಕುವುದು ಬೇರೆ, ಕಾಣಿಸಿಕೊಳ್ಳುವುದು ಬೇರೆ. ಎದುರಿನ ವಾಹನ ಬಂದಾಗ ಡಿಪ್ ಮಾಡುವ ಹಳೆಯ ಮರ್ಯಾದೆಯನ್ನು ಲಾರಿಯವರೂ ಮರೆತಿದ್ದಾರೆಂಬ ದೂರು ನಮ್ಮದೂ ಹೌದು. ಅವರು ಡಿಪ್ ಮಾಡದಿದ್ದರೆ ನಾವು ಬ್ರೈಟ್ ಹಾಕಿ ಸೇಡು ತೀರಿಸಿಕೊಳ್ಳುವುದರಿಂದ ಒಬ್ಬ ಕುರುಡನ ಬದಲು ಇಬ್ಬರಾಗುತ್ತಾರೆ ಅಷ್ಟೆ. ದೃಷ್ಟಿಯನ್ನು ರಸ್ತೆಯ ಎಡ ಅಂಚಿಗೆ ಇಳಿಸಿ, ವೇಗ ತಗ್ಗಿಸಿ, ದಾಟಿಕೊಳ್ಳಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಬಯಲಿನಲ್ಲಿ ನೇರ ರಸ್ತೆಯಿದ್ದೇ ಇಷ್ಟಾದರೆ ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ, ಮೂಡಿಗೆರೆಯ ತಿರುವುಗಳಲ್ಲಿ ಹೇಗಿರಬೇಕು? ಬೆಟ್ಟದ ಮರೆಗೆ ಸೂರ್ಯ ಹೋದರೆ, ಪಂಚಾಂಗದ ಸೂರ್ಯಾಸ್ತಕ್ಕೆ ಎಷ್ಟೋ ಮೊದಲೇ ಮರಗಳ ಕೆಳಗೆ ರಸ್ತೆ ಕತ್ತಲಾಗಿರುತ್ತದೆ. ಮಳೆಗಾಲದಲ್ಲಿ ಕಪ್ಪು ರೈನ್‌ಕೋಟು, ಕಪ್ಪು ಕೊಡೆ, ಕಂಬಳಿಕೊಪ್ಪೆ, ಹಿನ್ನೆಲೆಗೆ ಒದ್ದೆ ಡಾಂಬರು: ಕಪ್ಪಿನ ಮೇಲೆ ಕಪ್ಪು ಬರೆದಂತೆ. ಟ್ರ್ಯಾಕ್ಟರಿನ ಜಾಗದಲ್ಲಿ ಇಲ್ಲಿ ಪಿಕಪ್ಪು, ಜೀಪು, ನಾಟಾ ಲಾರಿ. ಆ ಕಡೆ ಕೊಯ್ಲಾದ ಗದ್ದೆಯ ಹುಲ್ಲಿಗೆ ಬೆಂಕಿಯಿಟ್ಟು ಸಂಜೆಯ ರಸ್ತೆಯ ಮೇಲೆ ಹೊಗೆ ಹಾಸುತ್ತಾರೆ. ಈ ಕಡೆ ಕೆಲವು ಬೆಳೆಗಾರರು ಅಡಿಕೆ ಸಿಪ್ಪೆಯನ್ನು ರಸ್ತೆಬದಿಗೆ ಸುರಿದು ಬೆಂಕಿ ಹಾಕುತ್ತಾರೆ. ಅದು ವಾರಗಟ್ಟಲೆ ಕನಲುತ್ತದೆ, ತಂಪಾದ ಸಂಜೆಯ ಗಾಳಿಯಲ್ಲಿ ಹೊಗೆ ಮೇಲೇಳದೆ ಮೊಣಕಾಲೆತ್ತರಕ್ಕೆ ರಸ್ತೆಗೆ ಅಡ್ಡ ಬೀಳುತ್ತದೆ. ಸಿಪ್ಪೆ ಗೊಬ್ಬರವಾಗಬೇಕಾದ ವಸ್ತು ಎಂದು ಈ ಪುಟಗಳಲ್ಲಿ ಎಷ್ಟು ಸಲ ಬರೆದರೂ ಆಗಿಲ್ಲ. ಹಾಗಿದ್ದರೆ ರಸ್ತೆಯ ಸವಾರನ ಹೆಸರಿನಲ್ಲಾದರೂ ಅದು ನಿಲ್ಲಲಿ. ಸುಲಿಯುವ ಕೆಲಸ ಮುಗಿಸಿ ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ನಡೆದು ಮನೆಗೆ ಹೋಗುವ ಹೆಂಗಸರ ಸಾಲನ್ನೂ ಇಲ್ಲಿ ನೆನೆಯಬೇಕು. ಅವರಿಗೆ ದೀಪವೂ ಇಲ್ಲ, ಹಾರ್ನೂ ಇಲ್ಲ.

ನಮ್ಮ ಸೂಚನೆ ಹೀಗಿದೆ. ಸಂಘದ ಮಳಿಗೆಯಲ್ಲಿ ಮೈಲುತುತ್ತ, ಸುಣ್ಣ, ದೋಟಿ, ಟಾರ್ಪಾಲು ಇಡುವಂತೆ ರೇಡಿಯಂ ಪಟ್ಟಿಯ ಸುರುಳಿಗಳನ್ನೂ ಇಡಬೇಕು. ಸಗಟಾಗಿ ತಂದರೆ ಬೆಲೆ ಇಳಿಯುತ್ತದೆ. ಒಂದು ಗಾಡಿಗೆ ತಗಲುವ ಪಟ್ಟಿಯ ಖರ್ಚು ಎರಡು ಸಲ ಪೆಟ್ರೋಲ್ ಹಾಕಿಸಿದಷ್ಟೂ ಆಗಲಾರದು. ಮುಂದಕ್ಕೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದಕ್ಕೆ ಕೆಂಪು ಎಂಬ ಕ್ರಮ ತಪ್ಪಬಾರದು. ಹಿಂದೆ ಬಿಳಿ ಅಂಟಿಸಿದರೆ ಹಿಂದಿನವನು ಗಾಡಿ ಎದುರಿಗೆ ಬರುತ್ತಿದೆಯೆಂದು ತಿಳಿದಾನು. ಕೊಯ್ಲಿನ ಕೆಲಸಗಾರರಿಗೆ ಕೂಲಿಯ ಜೊತೆಗೆ ಪಟ್ಟಿ ಹೊಲಿದ ಒಂದೊಂದು ಮೇಲಂಗಿ ಕೊಡುವುದನ್ನು ತೋಟದ ಖರ್ಚಿನಲ್ಲೇ ಸೇರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಂಘದ ಅಂಗಳಕ್ಕೆ ಮಾಲು ತರುವ ಪ್ರತಿಯೊಂದು ಪಿಕಪ್ಪು, ಟ್ರ್ಯಾಕ್ಟರ್ ಟ್ರೇಲರಿನ ಹಿಂಭಾಗವನ್ನು ತೂಕದ ಕಟ್ಟೆಯಲ್ಲೇ ನೋಡಿ, ಪಟ್ಟಿಯಿಲ್ಲದಿದ್ದರೆ ಅಲ್ಲೇ ಅಂಟಿಸಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಹಿಡಿಯಬೇಕು. ಹಿಂದೆ ದೀಪವೂ ಕೆಂಪು ಪ್ರತಿಫಲಕವೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಆಗಲೇ ಹೇಳಿವೆ. ನಾವು ಹೊಸ ಕಾನೂನನ್ನೇನೂ ಮಾಡುತ್ತಿಲ್ಲ. ಭತ್ತದ ಸೀಮೆಯ ಸಹಕಾರ ಸಂಘಗಳೂ ಗಿರಣಿಗಳೂ ತಮ್ಮ ತೂಕದ ಕಟ್ಟೆಯಲ್ಲಿ ಇದನ್ನೇ ಮಾಡಿದರೆ ಶ್ರೀರಾಮನಗರದ ರಸ್ತೆ ಒಂದೇ ಕೊಯ್ಲಿನಲ್ಲಿ ಬೇರೆಯಾಗಿ ಕಾಣಬಹುದು.

ಇದು ಪೊಲೀಸರ ಕೆಲಸ, ಸಂಘದ್ದಲ್ಲ ಎನ್ನುವವರಿದ್ದಾರೆ. ಪೊಲೀಸರು ಹೆದ್ದಾರಿಯಲ್ಲಿ ನಿಲ್ಲುತ್ತಾರೆ, ನಮ್ಮ ತೋಟದ ಕವಲುದಾರಿಯಲ್ಲಿ ನಿಲ್ಲುವುದಿಲ್ಲ. ತೂಕದ ಕಟ್ಟೆಯನ್ನಾದರೋ ಯಾವ ಮಾಲೂ ತಪ್ಪಿಸಿಕೊಂಡು ಹೋಗುವುದಿಲ್ಲ. ಅಂಟಿಸಿದ್ದು ವರ್ಷದಲ್ಲಿ ಕಿತ್ತುಹೋಗುತ್ತದೆ ಎಂಬುದು ಇನ್ನೊಂದು ಆಕ್ಷೇಪಣೆ. ನಿಜ, ಮಣ್ಣು ಕೂತ ಮೇಲೆ, ಎಣ್ಣೆಯ ಮೇಲೆ ಅಂಟಿಸಿದರೆ ವಾರವೂ ನಿಲ್ಲದು. ತೊಳೆದು, ಪೂರ್ತಿ ಒಣಗಿಸಿ ಅಂಟಿಸಬೇಕು. ಆಮೇಲೆಯೂ ಆಗಾಗ ಒರೆಸಬೇಕು. ಕೆಸರು ಮೆತ್ತಿದ ಪಟ್ಟಿಗೂ ಪಟ್ಟಿಯಿಲ್ಲದ ಹಲಗೆಗೂ ವ್ಯತ್ಯಾಸವಿಲ್ಲ.

ಗಾಡಿ ತೊಳೆಯುವ ದಿನವೊಂದು ನಮಗೆ ಹೇಗೂ ಇದೆ. ಆಯುಧಪೂಜೆಯಂದು ಸೈಕಲಿನಿಂದ ಹಿಡಿದು ಲಾರಿಯ ತನಕ ಎಲ್ಲವೂ ನೀರು ಕಾಣುತ್ತವೆ, ಮತ್ತು ಅದು ಬರುವುದು ಕೊಯ್ಲು ಬಿರುಸಾಗುವುದಕ್ಕೆ ತುಸು ಮುಂಚೆ. ಈ ವರ್ಷ ಆ ಹಬ್ಬಕ್ಕೆ ಒಂದು ವಾರ ಮೊದಲೇ ಸುರುಳಿಗಳು ಮಳಿಗೆಯಲ್ಲಿರುವಂತೆ ಆಡಳಿತ ಮಂಡಳಿಯವರು ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಗಾಡಿ ಒಣಗಿದ ಮೇಲೆ ಮೊದಲು ಪಟ್ಟಿ, ಅನಂತರ ಪೂಜೆ. ಅರಿಸಿನ, ಕುಂಕುಮ, ವಿಭೂತಿಯನ್ನು ದೀಪದ ಗಾಜಿಗೂ ಪಟ್ಟಿಯ ಮೇಲೂ ಬಳಿಯದೆ ಬಾನೆಟ್ಟಿಗೋ ಟ್ಯಾಂಕಿಗೋ ಹಚ್ಚುವುದು. ಬಾಳೆಕಂದು, ಮಾವಿನೆಲೆ, ಚೆಂಡುಹೂವಿನ ಹಾರವನ್ನು ಹಿಂದಿನ ದೀಪ ಮುಚ್ಚದಂತೆ ಕಟ್ಟಿ, ಸಂಜೆ ಗಾಡಿ ರಸ್ತೆಗಿಳಿಯುವ ಮೊದಲು ಬಿಚ್ಚಿಡುವುದು.